ಮುಂಗುಸಿ ಅಳಿಲಾಗಿ ಕಂಡಾಗ: ಒಂದು ಚಿತ್ರಪುಸ್ತಕ ಪಾತ್ರದ ಪ್ರಕರಣ ಅಧ್ಯಯನ

ಪುಸ್ತಕ 32 ಪುಟದ್ದು, ಓದುಗರು ನಾಲ್ಕರಿಂದ ಏಳು ವರ್ಷದವರು, ಮುಖ್ಯ ಪಾತ್ರ ಒಂದು ಮುಂಗುಸಿ ಮರಿ. ಚಿತ್ರ ಬರೆಯಲು ಒಪ್ಪಿಕೊಂಡ ಕಲಾವಿದೆಯ ಬಳಿ ಪೆನ್ಸಿಲ್ ಸ್ಕೆಚ್‌ಗಳ ದಪ್ಪ ಕಟ್ಟೇ ಇತ್ತು: ನೆಲ ಮೂಸುತ್ತ ನಡೆಯುವ ಮುಂಗುಸಿ, ತಿರುಗಿ ನೋಡುವ ಮುಂಗುಸಿ, ಹಿಂಗಾಲ ಮೇಲೆ ಎದ್ದು ನಿಂತದ್ದು, ಸುರುಳಿ ಸುತ್ತಿ ಮಲಗಿದ್ದು. ಕೀಲುಗಳ ಜಾಗ ಸರಿ, ಕೂದಲು ಮಲಗುವ ದಿಕ್ಕು ಸರಿ, ಭಾರ ಯಾವ ಕಾಲಿನ ಮೇಲಿದೆ ಎಂಬುದೂ ಸರಿ. ಯಾರಿಗೆ ತೋರಿಸಿದರೂ ಮುಂಗುಸಿ ಎಂದೇ ಹೇಳುತ್ತಿದ್ದರು.

ಅದೇ ಸ್ಕೆಚ್‌ಗಳಿಂದ ಪುಸ್ತಕದ ಪಾತ್ರ ಎದ್ದುಬಂದ ಕೂಡಲೇ ಗುರುತು ತಪ್ಪಿತು. ಮೊದಲ ವಿನ್ಯಾಸ ಕಂಡ ಮಕ್ಕಳಲ್ಲಿ ಹೆಚ್ಚಿನವರು ‘ಅಳಿಲು’ ಎಂದರು, ಕೆಲವರು ‘ಇಲಿ’ ಎಂದರು, ‘ನಾಯಿಮರೀನಾ ಇದು?’ ಎಂದು ಕೇಳಿದವರೂ ಇದ್ದರು. ಚಿತ್ರ ಮುದ್ದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಥೆಯ ಮೊದಲ ಸಾಲಿನಲ್ಲೇ ಮುಂಗುಸಿ ಎಂದು ಬರೆದಿದೆಯಲ್ಲ, ಮತ್ತೇನು ತಕರಾರು ಎಂಬ ವಾದವೂ ಬಂತು. ಆ ವಾದ ನಿಲ್ಲುವಂಥದ್ದಲ್ಲ. ಅಕ್ಷರ ಬಾರದ ಮಗು ಓದುವುದು ಚಿತ್ರವನ್ನು. ದೊಡ್ಡವರು ‘ಮುಂಗುಸಿ’ ಎಂದು ಓದಿ ಹೇಳುವಾಗ ಪುಟದಲ್ಲಿ ಅಳಿಲು ಕೂತಿದ್ದರೆ ಮಗು ನಂಬುವುದು ಕಣ್ಣಿಗೆ ಕಂಡದ್ದನ್ನೇ.

ಎಲ್ಲಿ ತಪ್ಪಿತು

ಮುದ್ದಾದ ಪ್ರಾಣಿಗೆ ಎಲ್ಲರ ಕೈಯಲ್ಲೂ ಒಂದು ಸಿದ್ಧಸೂತ್ರ ಕೂತಿರುತ್ತದೆ: ತಲೆ ದೊಡ್ಡದು, ಹಣೆ ಉಬ್ಬು, ಕಣ್ಣು ದೊಡ್ಡದು ಮತ್ತು ಮುಖದ ಕೆಳಭಾಗದಲ್ಲಿ, ಕೆನ್ನೆ ದುಂಡಗೆ, ಕೈಕಾಲು ಮೊಟಕು. ಎಳೆಮರಿಗಳ ಈ ಲಕ್ಷಣಗಳು ನೋಡುವವರಲ್ಲಿ ವಾತ್ಸಲ್ಯ ಹುಟ್ಟಿಸುತ್ತವೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆಂಜ್ 1943ರಲ್ಲೇ ಪಟ್ಟಿ ಮಾಡಿದ್ದ. ಸೂತ್ರ ಸುಳ್ಳಲ್ಲ, ಆದರೆ ಅದಕ್ಕೆ ಪ್ರಾಣಿ ಯಾವುದೆಂಬುದು ಬೇಕಿಲ್ಲ. ನಾಯಿ, ಬೆಕ್ಕು, ಕರಡಿ, ಮುಂಗುಸಿ ಎಲ್ಲವನ್ನೂ ಅದು ಒಂದೇ ಗುಂಡುಮುಖದತ್ತ ಎಳೆಯುತ್ತದೆ. ಕರಡಿಗೆ ಅದರಿಂದ ನಷ್ಟವಿಲ್ಲ, ಅದರ ಮೈಯೇ ಗುಂಡು. ಮುಂಗುಸಿಯ ಗುರುತೆಲ್ಲ ಇರುವುದು ಉದ್ದದಲ್ಲಿ ಮತ್ತು ಚೂಪಿನಲ್ಲಿ.

ಬೂದು ಮುಂಗುಸಿಯ ಮೈ ಮೂತಿಯಿಂದ ಬಾಲದ ಬುಡದವರೆಗೆ ಸುಮಾರು 36ರಿಂದ 45 ಸೆಂ.ಮೀ.; ಬಾಲ ಹೆಚ್ಚುಕಡಿಮೆ ಅಷ್ಟೇ ಉದ್ದ. ಕಿವಿ ಸಣ್ಣದು, ಅರ್ಧಚಂದ್ರಾಕಾರ, ತಲೆಯ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಹಣೆಯಿಂದ ಮೂಗಿನವರೆಗೆ ಹೆಚ್ಚುಕಡಿಮೆ ಒಂದೇ ಇಳಿಜಾರು, ನಾಯಿಯ ಮುಖದಲ್ಲಿರುವ ಮೆಟ್ಟಿಲು ಇದಕ್ಕಿಲ್ಲ. ಕುತ್ತಿಗೆ ಬೇರೆಯಾಗಿ ಕಾಣುವುದೇ ಇಲ್ಲ, ತಲೆ ಹಾಗೇ ಹೆಗಲಿಗೆ ಹರಿದುಹೋಗುತ್ತದೆ. ಬಾಲ ಬುಡದಲ್ಲಿ ದಪ್ಪ, ತುದಿಗೆ ಬರುಬರುತ್ತ ಮೂಲಂಗಿಯಂತೆ ಸಪೂರ.

ಮೊದಲ ವಿನ್ಯಾಸದಲ್ಲಿ ಈ ಒಂದೊಂದೂ ತಿರುವುಮುರುವು. ಕಿವಿಗಳನ್ನು ನೆತ್ತಿಗೆ ಏರಿಸಿ ನಿಲ್ಲಿಸಲಾಗಿತ್ತು, ಭಾವ ತೋರಿಸಲು ಸುಲಭವೆಂದು. ಹಣೆ ಉಬ್ಬಿಸಿ ಮೂತಿ ಗಿಡ್ಡ ಮಾಡಲಾಗಿತ್ತು. ದೊಡ್ಡ ತಲೆಯ ಕೆಳಗೆ ಕುತ್ತಿಗೆ ತಂತಾನೇ ಕಿರಿದಾಗಿತ್ತು. ಬಾಲ ತುದಿಯಲ್ಲಿ ಪೊದೆಯಾಗಿತ್ತು. ಸ್ಕೆಚ್‌ನಲ್ಲಿದ್ದ ಕೂದಲ ಗೆರೆಗಳು ಮಾತ್ರ ಒಂದೂ ಬಿಡದೆ ಹಾಗೇ ಉಳಿದಿದ್ದವು. ನೈಜ ಚಿತ್ರದಲ್ಲಿ ನುರಿತ ಕೈಗಳು ಶೈಲೀಕರಣಕ್ಕೆ (ನಿಜರೂಪವನ್ನು ಸರಳ ಮಾಡಿ, ಹೆಚ್ಚಿಸಿ ಬರೆಯುವುದಕ್ಕೆ) ಇಳಿದಾಗ ಮಾಮೂಲಾಗಿ ಆಗುವುದೇ ಇದು: ಆಕಾರವನ್ನು ಧಾರಾಳವಾಗಿ ಬದಲಿಸಿ, ಮೈಮೇಲಿನ ವಿವರವನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಬೇಕಾದದ್ದು ಇದರ ಉಲ್ಟಾ.

ಏನು ಬಿಟ್ಟರೆ ಏನು ಕೆಡುತ್ತದೆ

ಯಾವ ಲಕ್ಷಣ ಗುರುತನ್ನು ಹೊತ್ತಿದೆ ಎಂಬುದನ್ನು ಊಹೆಗೆ ಬಿಡದೆ ಪರೀಕ್ಷಿಸಿ ನೋಡಲಾಯಿತು. ವಿಧಾನ ಸರಳ, ಟ್ರೇಸಿಂಗ್ ಪೇಪರ್ ಇದ್ದರೆ ಸಾಕು. ಎಲ್ಲಕ್ಕಿಂತ ಸ್ಪಷ್ಟವಾದ ಒಂದು ಪಕ್ಕನೋಟದ ಸ್ಕೆಚ್ ಆರಿಸಿ, ಅದರ ಹೊರಗೆರೆಯನ್ನು ಆರು ಸಲ ತೆಗೆಯುವುದು. ಒಂದನ್ನು ಇದ್ದಂತೇ ಬಿಟ್ಟು, ಉಳಿದ ಐದರಲ್ಲಿ ಒಂದೊಂದೇ ಲಕ್ಷಣ ಬದಲಿಸುವುದು: ಬಾಲ, ಕಿವಿ, ಮೂತಿ, ಕುತ್ತಿಗೆ, ಕಾಲು. ಎಲ್ಲಕ್ಕೂ ಕಪ್ಪು ತುಂಬಿ 3 ಸೆಂ.ಮೀ. ಉದ್ದಕ್ಕೆ ಕುಗ್ಗಿಸುವುದು. ಅಳಿಲು, ಬೆಕ್ಕು, ನೀರುನಾಯಿಯ ಕಪ್ಪು ಆಕೃತಿಗಳನ್ನೂ ನಡುವೆ ಬೆರೆಸುವುದು, ಇಲ್ಲದಿದ್ದರೆ ಎರಡನೇ ಚಿತ್ರದ ಹೊತ್ತಿಗೆ ನೋಡುವವರಿಗೆ ಉತ್ತರ ಗೊತ್ತಾಗಿಬಿಡುತ್ತದೆ. ಪ್ರಶ್ನೆಯೂ ‘ಇದು ಮುಂಗುಸಿಯಾ?’ ಎಂದಿರಬಾರದು. ಮಕ್ಕಳು ಹೂಂ ಎನ್ನುವುದು ಬಹುಪಾಲು ದಾಕ್ಷಿಣ್ಯಕ್ಕೆ. ‘ಇದು ಯಾವ ಪ್ರಾಣಿ?’ ಎಂದಷ್ಟೇ ಕೇಳಬೇಕು.

ಬಾಲದ ತುದಿ ಪೊದೆಯಾದದ್ದೇ ತಡ, ಉತ್ತರ ಅಳಿಲು. ಕಿವಿ ನೆತ್ತಿಗೇರಿದರೆ ಇಲಿ. ಕಾಲು ಉದ್ದವಾದರೆ ನರಿ ಅಥವಾ ನಾಯಿ. ಮೂತಿ ಗಿಡ್ಡವಾದಾಗ ಉತ್ತರಗಳು ಚೆದುರಿದವು, ಅಂದರೆ ಯಾವುದೂ ಸ್ಪಷ್ಟವಿಲ್ಲ. ಕುತ್ತಿಗೆ ಕಿರಿದಾದರೆ ಅಷ್ಟೇನೂ ಕೆಡಲಿಲ್ಲ. ಆಮೇಲೆ ಕಪ್ಪು ತುಂಬದ ಇನ್ನೆರಡು ಚಿತ್ರ ತೋರಿಸಲಾಯಿತು: ಒಂದರಲ್ಲಿ ಮೈಕೂದಲು ಪೂರ್ತಿ ತೆಗೆದು ಬರೀ ಬಣ್ಣ, ಇನ್ನೊಂದರಲ್ಲಿ ಕಣ್ಣು ಎರಡರಷ್ಟು ದೊಡ್ಡದು. ಎರಡರಲ್ಲೂ ಗುರುತು ಉಳಿಯಿತು.

ಈ ಪರೀಕ್ಷೆಯ ಬೆಲೆ ಇರುವುದು ಇಲ್ಲಿ. ಬಾಲ, ಕಿವಿ, ಕಾಲು, ಮೂತಿ ಇವುಗಳಿಗೆ ಕೈಹಾಕುವಂತಿಲ್ಲ, ಹಾಕಿದರೂ ಇದ್ದದ್ದನ್ನು ಇನ್ನಷ್ಟು ಹೆಚ್ಚಿಸಬೇಕೇ ಹೊರತು ಕಡಿಮೆ ಮಾಡಬಾರದು. ಕಣ್ಣು ಮತ್ತು ಕೂದಲಲ್ಲಿ ಬೇಕಾದಷ್ಟು ಸ್ವಾತಂತ್ರ್ಯ. ಕುತ್ತಿಗೆ ನಡುವಿನದು. ಪ್ರಾಣಿ ಬದಲಾದರೆ ಈ ಪಟ್ಟಿ ಬೇರೆಯಾಗುತ್ತದೆ. ಮೊಲವಾದರೆ ಕಿವಿ ಮುಟ್ಟುವಂತಿಲ್ಲ, ಬಾಲ ಹೇಗಿದ್ದರೂ ನಡೆಯುತ್ತದೆ.

ಅನುಪಾತದ ಲೆಕ್ಕ

ಸ್ಕೆಚ್‌ಗಳನ್ನು ಡಿವೈಡರ್‌ನಿಂದ ಅಳೆದಾಗ ತಲೆಯ ಉದ್ದವನ್ನು ಒಂದು ಎಂದಿಟ್ಟುಕೊಂಡರೆ ಮೈ ತಲೆಯೂ ಸೇರಿ ಸುಮಾರು ಐದೂವರೆ, ಬಾಲ ಐದು, ನೆಲದಿಂದ ಹೊಟ್ಟೆಗೆ ಕಾಲಿನ ಎತ್ತರ ಒಂದೂಕಾಲರಷ್ಟು ಬಂತು. ಮೊದಲ ವಿನ್ಯಾಸದಲ್ಲಿ ಮೈ ಎರಡೂಕಾಲು, ಬಾಲ ಎರಡು, ಕಾಲು ಒಂದು.

ಐದೂವರೆ ತಲೆಯ ಮೈ ಚಿತ್ರಪುಸ್ತಕಕ್ಕೆ ಒಗ್ಗುವುದಿಲ್ಲ. ಪುಟದ ಅಗಲಕ್ಕೆ ಮೈಬಾಲ ಎಲ್ಲ ಹಿಡಿಸಲು ಹೋದರೆ ಮುಖ ಹುಣಸೆಬೀಜದಷ್ಟಾಗಿ ಭಾವ ಕಾಣಿಸದೆ ಹೋಗುತ್ತದೆ. ಹಾಗಾಗಿ ತಲೆ ದೊಡ್ಡದಾಗಲೇಬೇಕು. ಕೇಳಬೇಕಾದ ಪ್ರಶ್ನೆ, ತಲೆ ದೊಡ್ಡದಾದರೂ ಮೈ ಉದ್ದ ಎಂಬ ಭಾವನೆಯನ್ನು ಉಳಿಸುವುದು ಹೇಗೆ?

ಉತ್ತರ ಕಾಲಿನಲ್ಲಿದೆ. ಪ್ರಾಣಿ ಉದ್ದವೋ ಗಿಡ್ಡವೋ ಎಂದು ಕಣ್ಣು ಅಳೆಯುವುದು ತಲೆ ಬಿಟ್ಟ ಮೈಯನ್ನು ಕಾಲಿಗೆ ಹೋಲಿಸಿ. ಸ್ಕೆಚ್‌ನಲ್ಲಿ ಅದು ನಾಲ್ಕೂವರೆಗೆ ಒಂದೂಕಾಲು, ಅಂದರೆ ಕಾಲಿನ 3.6 ಪಟ್ಟು ಮೈ. ಮೊದಲ ವಿನ್ಯಾಸದಲ್ಲಿ ಒಂದೂಕಾಲಿಗೆ ಒಂದು, ಅಂದರೆ ಬರೀ 1.25 ಪಟ್ಟು, ನಾಯಿಮರಿ ಎಂದ ಮಕ್ಕಳ ಕಣ್ಣು ಸರಿಯಾಗಿಯೇ ಇತ್ತು. ಹೊಸ ವಿನ್ಯಾಸದಲ್ಲಿ ತಲೆಸಮೇತ ಮೈ ಮೂರೂಕಾಲು, ಕಾಲು 0.6 ಎಂದು ನಿಗದಿಯಾಯಿತು. ತಲೆ ಬಿಟ್ಟ ಮೈ ಎರಡೂಕಾಲು, ಅದನ್ನು 0.6ರಿಂದ ಭಾಗಿಸಿದರೆ 3.75. ತಲೆ ಎಳೆಮರಿಯದು, ಉದ್ದ ಮಾತ್ರ ಮುಂಗುಸಿಯದೇ, ತುಸು ಹೆಚ್ಚೇ. ಬಾಲಕ್ಕೆ ಮೂರೂವರೆ ಕೊಡಲಾಯಿತು, ಮೈಗಿಂತ ತಲೆಯ ಕಾಲುಭಾಗದಷ್ಟು ಜಾಸ್ತಿ. ಕಥೆಯಲ್ಲಿ ಬರುವ ತಾಯಿಗೆ ಮೈ ನಾಲ್ಕು, ಬಾಲ ನಾಲ್ಕು, ಕಾಲು 0.8. ಹೀಗೆ ಮಾಡಿದರೆ ತಾಯಿಮರಿ ಪಕ್ಕದಲ್ಲಿ ನಿಂತಾಗ ಒಂದೇ ಚಿತ್ರವನ್ನು ದೊಡ್ಡದು ಚಿಕ್ಕದು ಮಾಡಿ ಅಂಟಿಸಿದಂತೆ ಕಾಣುವುದಿಲ್ಲ.

ಮೂತಿಯಿಂದ ಬಾಲದ ತುದಿಗೆ ಒಂದೇ ಗೆರೆ

ಸಂಖ್ಯೆ ಸರಿಹೋದ ಮಾತ್ರಕ್ಕೆ ಚಿತ್ರಕ್ಕೆ ಜೀವ ಬರುವುದಿಲ್ಲ. ಎರಡನೇ ಸುತ್ತಿನ ಚಿತ್ರಗಳಲ್ಲಿ ಮುಂಗುಸಿ ಗುರುತು ಸಿಗುತ್ತಿತ್ತು, ಆದರೆ ಮೈ ಗಾಳಿ ತುಂಬಿದ ಕೊಳವೆಯಾಗಿತ್ತು. ಉದ್ದ ಮೈಯ ಪ್ರಾಣಿಗಳಲ್ಲಿ ಇದು ತಪ್ಪದೆ ಬರುವ ಕಾಯಿಲೆ. ಬೆನ್ನಿನ ಗೆರೆ ಹೇಗೆ ಬಾಗಿದೆಯೋ ಹೊಟ್ಟೆಯ ಗೆರೆಯೂ ಹಾಗೇ ಬಾಗಿ ಎರಡೂ ಸಮಾನಾಂತರವಾದರೆ ಒಳಗೆ ಎಲುಬಿದೆ ಎಂದು ಕಣ್ಣು ನಂಬುವುದಿಲ್ಲ.

ಸರಿಪಡಿಸಿದ ಕ್ರಮ ಹೀಗಿತ್ತು. ಪ್ರತಿ ಭಂಗಿಯ ನೈಜ ಸ್ಕೆಚ್‌ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ದಪ್ಪ ಮಾರ್ಕರ್‌ನಿಂದ ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಕೈ ಎತ್ತದೆ ಒಂದೇ ಗೆರೆ. ಅದು ‘ಸಿ’ ಆಕಾರದ್ದೋ ‘ಎಸ್’ ಆಕಾರದ್ದೋ ಎಂದು ಮಾತ್ರ ನೋಡುವುದು. ಮೂರನೇ ತಿರುವು ಕಾಣಿಸಿದರೆ ಕಿತ್ತುಹಾಕುವುದು. ಆ ಗೆರೆಯನ್ನೇ ಇನ್ನೊಂದು ಹಾಳೆಗೆ ಇಳಿಸಿ ಬಾಗನ್ನು ಇನ್ನಷ್ಟು ಹೆಚ್ಚಿಸುವುದು. ಸ್ಕೆಚ್ ಈಗ ಪಕ್ಕಕ್ಕೆ. ಹೊಸ ಗೆರೆಯ ಮೇಲೆ ಎರಡು ಮೊಟ್ಟೆಯಾಕಾರ, ಒಂದು ಎದೆಗೂಡಿಗೆ, ಇನ್ನೊಂದು ಸೊಂಟಕ್ಕೆ. ಸೊಂಟದ್ದು ತುಸು ದೊಡ್ಡದು, ಯಾಕೆಂದರೆ ಮುಂಗುಸಿಯ ಭಾರ ಹಿಂದಿದ್ದಂತೆ ಕಾಣುತ್ತದೆ, ದಪ್ಪ ಬಾಲದ ಬುಡ ಅಲ್ಲಿಂದಲೇ ಹೊರಡುತ್ತದೆ. ಕೊನೆಗೆ ಹೊರಗೆರೆ: ಬೆನ್ನಿಗೆ ಎಲ್ಲೂ ಮುರಿಯದ ಒಂದೇ ಉದ್ದ ಗೆರೆ, ಹೊಟ್ಟೆಯ ಕಡೆ ಎದೆ, ಹೊಟ್ಟೆ, ತೊಡೆ ಎಂದು ಮೂರು ತುಂಡು. ಒಂದು ಬದಿ ಉದ್ದ ಮತ್ತು ಸರಳ, ಎದುರು ಬದಿ ಮುರಿದ ಗೆರೆ. ಇಷ್ಟು ಮಾಡಿದರೆ ಕೊಳವೆ ತಾನಾಗಿ ಮೈಯಾಗುತ್ತದೆ.

ಸ್ಕೆಚ್ ಪಕ್ಕಕ್ಕಿಡುವುದನ್ನು ಯಾರೂ ಪಾಲಿಸುವುದಿಲ್ಲ, ಪಾಲಿಸಲೇಬೇಕು. ಕಣ್ಣೆದುರಿಗೆ ಸ್ಕೆಚ್ ಇದ್ದರೆ ಕೈ ಸದ್ದಿಲ್ಲದೆ ಹಳೆಯ ಅಳತೆಗೆ ವಾಪಸಾಗುತ್ತದೆ, ಹೆಚ್ಚಿಸಿದ ಬಾಗು ಅರ್ಧಕ್ಕರ್ಧ ಕರಗಿರುತ್ತದೆ.

ಮುಖ

ಹೆಚ್ಚು ಹೊತ್ತು ತಿಂದದ್ದು ಮುಖವೇ. ಚೂಪು ಮೂತಿಯ ಯಾವ ಪ್ರಾಣಿಗೂ ಎದುರುನೋಟ ಶತ್ರು. ಪಕ್ಕದಿಂದ ಉದ್ದವಾಗಿ ಕಾಣುವ ಮೂತಿ ಎದುರಿನಿಂದ ಒಂದು ಚುಕ್ಕೆಯಾಗಿ ಕುಗ್ಗುತ್ತದೆ. ಉಳಿಯುವುದು ದುಂಡು ಮುಖ, ಅದು ಯಾವ ಪ್ರಾಣಿಯದೂ ಆಗಬಹುದು. ಇದಕ್ಕೆ ಎರಡು ಕಡೆಯಿಂದ ಕೆಲಸ ನಡೆಯಿತು. ಮೊದಲನೆಯದು, ಕಥೆಯ ಉದ್ದಕ್ಕೂ ಪೂರ್ತಿ ಎದುರುನೋಟವನ್ನೇ ತಪ್ಪಿಸಿ ಮುಕ್ಕಾಲು ನೋಟ (ಎದುರಿಗೂ ಪಕ್ಕಕ್ಕೂ ನಡುವಿನ ಕೋನ) ಮತ್ತು ಪಕ್ಕನೋಟದಲ್ಲೇ ನಿಭಾಯಿಸುವುದು. ಎರಡನೆಯದು, ತಪ್ಪಿಸಲಾಗದ ಕಡೆ ತಲೆಯನ್ನು ತುಸು ತಗ್ಗಿಸಿ, ಮೂಗನ್ನು ಕಣ್ಣಿಗಿಂತ ಸಾಕಷ್ಟು ಕೆಳಗೆ ಇಟ್ಟು, ಮೂತಿಯನ್ನು ತಿಳಿಬಣ್ಣದ ಉದ್ದನೆಯ ಹನಿಯಾಕಾರವಾಗಿ ಮುಖದ ಮೇಲೆ ಬೇರೆಯಾಗಿ ಕೂರಿಸುವುದು. ಮೂತಿಯ ಮೇಲ್ಗೆರೆ ಕಣ್ಣಿನ ಒಳ ಅಂಚನ್ನು ಸ್ವಲ್ಪ ಮುಚ್ಚಿದರೆ ಮೂತಿ ಮುಂದಕ್ಕೆ ಚಾಚಿದೆ ಎಂಬುದು ತಾನಾಗಿ ತಿಳಿಯುತ್ತದೆ.

ತಲೆಯ ಮೂಲ ಆಕಾರ ಒಂದು ಬೆಣೆ. ಹಣೆ ಉಬ್ಬಿಸಲಿಲ್ಲ, ಬದಲಿಗೆ ಕೆನ್ನೆಯ ಹಿಂಭಾಗವನ್ನು ಅಗಲಿಸಲಾಯಿತು. ಎಳೆತನದ ದುಂಡು ಕೆನ್ನೆಯಲ್ಲಿ ಬಂತು, ಹಣೆಯಿಂದ ಮೂಗಿಗಿಳಿಯುವ ನೇರ ಇಳಿಜಾರು ಹಾಗೇ ಉಳಿಯಿತು. ಮುದ್ದುತನವನ್ನು ಪೂರ್ತಿ ಬಿಟ್ಟುಬಿಡಬೇಕಿಲ್ಲ, ಗುರುತು ಇಲ್ಲದ ಕಡೆ ಅದನ್ನು ಇಟ್ಟರಾಯಿತು.

ಕಣ್ಣಿಗೆ ಮೂರು ಬಗೆ ಬರೆದು ನೋಡಲಾಯಿತು. ಬಿಳಿ ಭಾಗ ಕಾಣುವ ದೊಡ್ಡ ಕಣ್ಣು ಭಾವಕ್ಕೆ ಸಲೀಸು, ಆದರೆ ಮುಂಗುಸಿಯ ಮುಖದಲ್ಲಿ ಬಿಳಿ ಬಂದ ಕೂಡಲೇ ವೇಷ ಹಾಕಿದ ಮನುಷ್ಯನಾಗುತ್ತದೆ. ಪಾಪೆಯ ಸುತ್ತ ಕಿತ್ತಳೆಗಂದು ಬಣ್ಣ ಮತ್ತು ಅಡ್ಡಕ್ಕೆ ಮಲಗಿದ ಪಾಪೆ (ಮುಂಗುಸಿಗೆ ಬೆಕ್ಕಿನಂತೆ ನೆಟ್ಟಗಿನ ಪಾಪೆಯಲ್ಲ, ಆಡಿನಂತೆ ಅಡ್ಡ ಪಾಪೆ) ನಿಜಕ್ಕೆ ಹತ್ತಿರ, ಆದರೆ ಸಣ್ಣ ಅಳತೆಯಲ್ಲಿ ಅದು ಸಿಟ್ಟಿನ ಕಣ್ಣಾಗಿ ಓದಿಸಿಕೊಂಡಿತು. ಉಳಿದದ್ದು ಒಂದು ಕಪ್ಪು ಅಂಡಾಕಾರ, ಒಳಗೆ ಒಂದೇ ಬಿಳಿ ಮಿನುಗು, ಸುತ್ತ ಸಪೂರ ಕಿತ್ತಳೆ ಉಂಗುರ. ಇದೇ ಗೆದ್ದಿತು. ಅಡ್ಡ ಪಾಪೆಯನ್ನು ಒಂದೇ ಒಂದು ಕಡೆ ಬಳಸಿಕೊಳ್ಳಲಾಯಿತು, ಮರಿ ಹುಲ್ಲಿನ ನಡುವಿನಿಂದ ಇಣುಕುವ ಜೋಡಿಪುಟದಲ್ಲಿ. ಅಲ್ಲಿ ಕಣ್ಣು ಅಂಗೈಯಷ್ಟು ದೊಡ್ಡದು, ಆಗ ಆ ಪಾಪೆ ಬೆರಗು ಹುಟ್ಟಿಸುತ್ತದೆ.

ಕಿವಿ ಪಕ್ಕದಲ್ಲೇ ಉಳಿಯಬೇಕು, ಕಿವಿಯ ಮೇಲಂಚು ನೆತ್ತಿಯ ಗೆರೆಯನ್ನು ದಾಟಬಾರದು ಎಂಬುದು ನಿಯಮ. ಬಾಯಿಯ ಗೆರೆ ಮೂಗಿನ ಕೆಳಗೆ ಶುರುವಾಗಿ ಮೂತಿಯ ಬದಿಯಲ್ಲಿ ಹಿಂದಕ್ಕೆ ಹೋಗಿ ಕಣ್ಣಿನ ಕೆಳಗೆ ನಿಲ್ಲುತ್ತದೆ. ನಗು ಬೇಕಾದರೆ ಆ ಹಿಂತುದಿಯನ್ನು ಮಾತ್ರ ಎತ್ತುವುದು. ಮೂತಿಯ ಮುಂಭಾಗದಲ್ಲೇ ನಗು ಬಿಡಿಸಿದರೆ ಮೂತಿ ಚಪ್ಪಟೆಯಾಗುತ್ತದೆ.

ಹುಬ್ಬಿನ ಬದಲಿಗೆ ಕೂದಲು

ಕಿವಿ ಮಿಸುಕುವಂತಿಲ್ಲ, ಕಣ್ಣು ಬರೀ ಚುಕ್ಕೆ, ಹುಬ್ಬಿಲ್ಲ. ಹಾಗಾದರೆ ಭಯ, ಸಿಟ್ಟು, ನಾಚಿಕೆ ತೋರಿಸುವುದು ಎಲ್ಲಿಂದ? ಹುಬ್ಬಿನ ಗೆರೆ ಅಂಟಿಸಿ ನೋಡಲಾಯಿತು, ಮರಿ ಅಜ್ಜನಂತೆ ಕಂಡಿತು.

ಉತ್ತರ ಪ್ರಾಣಿಯ ಬಳಿಯೇ ಇತ್ತು. ಮುಂಗುಸಿ ಹೆದರಿದಾಗ, ಹಾವಿಗೆ ಎದುರಾದಾಗ ಮೈಕೂದಲನ್ನು ನಿಮಿರಿಸುತ್ತದೆ; ಬಾಲವೂ ಸೇರಿ ಇಡೀ ಮೈ ಉಬ್ಬಿ ಇದ್ದದ್ದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ. ನೈಜ ಸ್ಕೆಚ್‌ಗಳಲ್ಲಿ ಇದೂ ಇತ್ತು, ಆದರೆ ಅದನ್ನು ಬರೀ ಒಂದು ಭಂಗಿಯೆಂದು ಬಗೆದು ಪಕ್ಕಕ್ಕಿಡಲಾಗಿತ್ತು. ಅದನ್ನೇ ಭಾವದ ಅಳತೆಗೋಲು ಮಾಡಿದಾಗ ವಿನ್ಯಾಸ ಗಟ್ಟಿಯಾಯಿತು. ಹೊರಗೆರೆಗೆ ಐದು ಹಂತ ಗೊತ್ತುಮಾಡಲಾಯಿತು. ಮೊದಲನೆಯದರಲ್ಲಿ ಗೆರೆ ಪೂರ್ತಿ ನುಣುಪು: ನೆಮ್ಮದಿ, ನಿದ್ದೆ, ಅಮ್ಮನ ಮಗ್ಗುಲು. ಎರಡರಲ್ಲಿ ಹೆಗಲ ಮೇಲೆ ಮಾತ್ರ ಎರಡು ಮೂರು ಕುಚ್ಚು: ಕುತೂಹಲ. ಮೂರರಲ್ಲಿ ಹೆಗಲು ಮತ್ತು ಬಾಲದ ಬುಡ: ಅನುಮಾನ. ನಾಲ್ಕರಲ್ಲಿ ಬೆನ್ನುದ್ದಕ್ಕೂ, ಬಾಲ ಒಂದೂವರೆ ಪಟ್ಟು ದಪ್ಪ: ಭಯ. ಐದರಲ್ಲಿ ಇಡೀ ಮೈ ಮುಳ್ಳಿನ ಉಂಡೆ, ಕಾಲು ಕಾಣಿಸುವುದೇ ಇಲ್ಲ. ಕಥೆಯಲ್ಲಿ ಇದು ಒಂದೇ ಸಲ, ಹಾವು ಹೆಡೆ ಎತ್ತುವ ಪುಟದಲ್ಲಿ.

ಇದರ ಲಾಭ ದೊಡ್ಡದು. ಭಾವ ಮುಖದಿಂದ ಇಡೀ ಮೈಗೆ ಹರಡುತ್ತದೆ. ಮರಿ ಬೆನ್ನು ತಿರುಗಿಸಿ ನಿಂತಿದ್ದರೂ, ಪುಟದ ಮೂಲೆಯಲ್ಲಿ ಹೆಬ್ಬೆರಳಷ್ಟೇ ಇದ್ದರೂ ಹೆದರಿದೆ ಎಂದು ತಿಳಿಯುತ್ತದೆ. ಕುಚ್ಚುಗಳನ್ನು ಬಿಡಿಸುವಾಗ ಒಂದು ಎಚ್ಚರ ಬೇಕು: ಅವು ಸಮ ಅಂತರದಲ್ಲಿ, ಸಮ ಅಳತೆಯಲ್ಲಿ ಬಂದರೆ ಗರಗಸದ ಹಲ್ಲಾಗುತ್ತವೆ. ದೊಡ್ಡದು, ಚಿಕ್ಕದು, ಬಿಡುವು, ಮತ್ತೆ ಎರಡು ಚಿಕ್ಕದು, ಹೀಗೆ ಅಂಕುಡೊಂಕಾಗಿ ಹೋಗಬೇಕು, ಎಲ್ಲವೂ ಬಾಲದ ಕಡೆಗೆ ವಾಲಿರಬೇಕು.

ಮೈಯೊಳಗಿನ ಕೂದಲಿನ ವಿಷಯ ಬೇರೆ. ಮುಂಗುಸಿಯ ಒಂದೊಂದು ಕೂದಲಿಗೂ ತಿಳಿ ಮತ್ತು ಗಾಢ ಬಣ್ಣದ ಪಟ್ಟೆಗಳಿರುತ್ತವೆ. ಹಾಗಾಗಿ ಮೈ ದೂರಕ್ಕೆ ಉಪ್ಪುಮೆಣಸು ಉದುರಿಸಿದಂತೆ ಕಾಣುತ್ತದೆ. ಸ್ಕೆಚ್‌ನಲ್ಲಿ ಇದಕ್ಕೆ ಸಾವಿರಾರು ಗೆರೆ. ಪಾತ್ರದಲ್ಲಿ ಮೈಯೆಲ್ಲ ಒಂದೇ ಬಣ್ಣ ತುಂಬಿ ಹೆಗಲು, ತೊಡೆ, ಬಾಲದ ಬುಡ ಈ ಮೂರು ಕಡೆ ಮಾತ್ರ ಒಣಕುಂಚದ ಮೋಟು ಗೀಟು ಹಾಕಲಾಯಿತು, ಒಟ್ಟು ಮೈಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವವರು ಇಲ್ಲಿ ಸಿದ್ಧ ಕೂದಲ ಟೆಕ್ಸ್‌ಚರ್ ಒಂದನ್ನು ಮೈಮೇಲೆ ಹಾಸಿಬಿಡುತ್ತಾರೆ. ಅದು ಮೈಯ ಉಬ್ಬುತಗ್ಗಿಗೆ ಬಾಗುವುದಿಲ್ಲ, ಪ್ರಾಣಿಯ ಆಕಾರದಲ್ಲಿ ಕತ್ತರಿಸಿದ ಬಟ್ಟೆಯಂತೆ ಚಪ್ಪಟೆ ಕಾಣುತ್ತದೆ. ಗೀಟು ಕೈಯಲ್ಲೇ ಹಾಕಬೇಕು, ಮೈ ಬಾಗಿದಲ್ಲಿ ಗೀಟೂ ಬಾಗಬೇಕು.

ಕಾಲು ಮತ್ತು ಬೆರಳು

ಹಿಂಗಾಲಿನಲ್ಲಿ ‘ಹಿಮ್ಮುಖ ಮೊಣಕಾಲು’ ಎಂದು ತೋರುವುದು ನಿಜವಾಗಿ ಹಿಮ್ಮಡಿ. ಮೊಣಕಾಲು ಹೊಟ್ಟೆಯ ಪಕ್ಕದಲ್ಲಿ, ಚರ್ಮದ ಒಳಗೆ ಅಡಗಿರುತ್ತದೆ. ಕಾಲು 0.6ಕ್ಕೆ ಇಳಿದ ಮೇಲೆ ಮೂರು ತುಂಡೂ ತೋರಿಸಲು ಜಾಗವಿಲ್ಲ. ತೊಡೆಯನ್ನು ಮೈಯ ಆಕಾರದಲ್ಲೇ ಸೇರಿಸಿ, ಹಿಮ್ಮಡಿಯ ಒಂದು ಕೋನವನ್ನಷ್ಟೇ ಉಳಿಸಲಾಯಿತು. ಆ ಕೋನವೂ ಹೋದರೆ ಕಾಲು ಮೇಜಿನ ಕಾಲಾಗುತ್ತದೆ.

ಮುಂಗುಸಿಗೆ ಎರಡು ಕಾಲ ಮೇಲೆ ನಿಲ್ಲುವ ಅಭ್ಯಾಸ ನಿಜಜೀವನದಲ್ಲೇ ಇರುವುದು ಚಿತ್ರಕಾರರ ಪುಣ್ಯ. ನಿಂತಾಗ ಹಿಮ್ಮಡಿ ನೆಲಕ್ಕಿಳಿದು ಪಾದ ಉದ್ದವಾಗಿ ಕಾಣುವಂತೆ, ಬಾಲ ಹಿಂದೆ ಊರುಗೋಲಾಗುವಂತೆ ಬರೆದರೆ ಭಂಗಿ ನಂಬುವ ಹಾಗಿರುತ್ತದೆ. ಮನುಷ್ಯನಂತೆ ಸೊಂಟ ನೆಟ್ಟಗೆ ಮಾಡಿ ನಿಲ್ಲಿಸಿದರೆ ಬಾಲಕ್ಕೆ ಹೊರಡಲು ಜಾಗವಿಲ್ಲದೆ ಬೆನ್ನಿನ ನಡುವಿನಿಂದ ಮೊಳೆತಂತಾಗುತ್ತದೆ. ಬೆರಳು ನಿಜಕ್ಕೆ ಐದು. ಪಾತ್ರಕ್ಕೆ ನಾಲ್ಕು ಸಾಕಾಯಿತು. ಉಗುರು ಒಳಗೆಳೆದುಕೊಳ್ಳುವಂಥದ್ದಲ್ಲವಾದ್ದರಿಂದ ಸದಾ ಹೊರಗೆ ಕಾಣಬೇಕು, ಚಿಕ್ಕ ಗಾಢ ಮೊನೆಗಳಾಗಿ.

ಹಾಳೆ, ಮತ್ತು ಪುಟದಿಂದ ಪುಟಕ್ಕೆ ಜಾರುವ ಮೂತಿ

ಇಷ್ಟೆಲ್ಲ ಒಂದು ಕ್ಯಾರೆಕ್ಟರ್ ಶೀಟ್‌ಗೆ ಇಳಿಯಿತು: ಐದು ಕೋನದ ನೋಟ, ಹೊರಗೆರೆಯ ಐದು ಹಂತ, ನಡೆ, ಓಟ, ನಿಲುವು, ಮಲಗುವುದು, ಅಗೆಯುವುದು, ಬಣ್ಣದ ಚೌಕಗಳು, ತಾಯಿ ಹಾವು ಕಪ್ಪೆಗಳ ಜೊತೆಗಿನ ಎತ್ತರದ ಪಟ್ಟಿ. ಬಲಬದಿಯಲ್ಲಿ ‘ಹೀಗೆ ಬೇಡ’ ಎಂಬ ಅಂಕಣ, ಅದರಲ್ಲಿ ನೆತ್ತಿಯ ಕಿವಿ, ಪೊದೆಬಾಲ, ಉಬ್ಬು ಹಣೆ. ಈ ಅಂಕಣವನ್ನು ಬಹಳ ಮಂದಿ ಹಾಕುವುದೇ ಇಲ್ಲ, ಆದರೆ ಕೈ ತಪ್ಪುವುದು ಪ್ರತಿಸಲವೂ ಅದೇ ಮೂರು ಕಡೆ.

ಹಾಗಿದ್ದೂ ಒಳಪುಟಗಳ ಕರಡಿನಲ್ಲಿ ಪಾತ್ರ ಜಾರಿತು. ಮೊದಲ ಜೋಡಿಪುಟದ ಮರಿಯನ್ನು ಕೊನೆಯದರ ಪಕ್ಕ ಇಟ್ಟರೆ ಕೊನೆಯದರ ತಲೆ ದೊಡ್ಡದಾಗಿತ್ತು, ಮೂತಿ ಗಿಡ್ಡವಾಗಿತ್ತು. ಕಾರಣ ನೇರ: ಪ್ರತಿ ಹೊಸ ಚಿತ್ರವನ್ನು ಹಿಂದಿನ ಪುಟದ ಚಿತ್ರ ನೋಡಿ ಬರೆಯಲಾಗಿತ್ತು. ಮುಖದ ಮೇಲಿನ ಮೋಹಕ್ಕೆ ಕೈ ಪ್ರತಿಸಲ ತಲೆಯನ್ನು ಒಂದಿಷ್ಟು ಹಿಗ್ಗಿಸುತ್ತದೆ, ಆ ಒಂದಿಷ್ಟು ಕೂಡುತ್ತ ಹೋಗುತ್ತದೆ. ಮದ್ದು ಎರಡು. ಯಾವ ಪುಟವಾದರೂ ನೋಡಿ ಬರೆಯಬೇಕಾದದ್ದು ಶೀಟ್ ಒಂದನ್ನೇ. ಕರಡೆಲ್ಲ ಮುಗಿದ ಮೇಲೆ ಎಲ್ಲ ಪುಟದ ಮರಿಗಳನ್ನೂ ಕತ್ತರಿಸಿ, ಮೈಯುದ್ದ ಒಂದೇ ಆಗುವಂತೆ ಕುಗ್ಗಿಸಿ ಹಿಗ್ಗಿಸಿ, ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಬೇಕು. ದಾರಿ ತಪ್ಪಿದ್ದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಉದ್ದ ಮೈಯ ಪಾತ್ರಕ್ಕೆ ಪುಸ್ತಕದ ನಡುಮಡಿಕೆಯೂ ತೊಡಕು. ಮೈ ಎರಡೂ ಪುಟಕ್ಕೆ ಹರಡುವಾಗ ಮಡಿಕೆ ಹೊಟ್ಟೆಯ ಮೇಲೆ ಬಂದರೆ ತೊಂದರೆಯಿಲ್ಲ. ಮುಖ, ಪಂಜ, ಬಾಲದ ಬುಡ ಇವು ಮಡಿಕೆಯಿಂದ ಕನಿಷ್ಠ 15 ಮಿ.ಮೀ. ದೂರ ಇರುವಂತೆ ನೋಡಿಕೊಳ್ಳಲಾಯಿತು. ಬಾಲದ ತುದಿ ಪುಟದ ಅಂಚು ದಾಟಿ ಹೊರಹೋಗುವ ಕಡೆ 3 ಮಿ.ಮೀ. ಬ್ಲೀಡ್ (ಪುಟ ಕತ್ತರಿಸುವಾಗ ಹೋಗಲೆಂದು ಅಂಚಿನಾಚೆಗೆ ಬರೆದ ಹೆಚ್ಚುವರಿ ಚಿತ್ರ) ಬಿಡುವುದು ಗೊತ್ತಿದ್ದದ್ದೇ. ಆದರೆ ಬಾಲದ ತುದಿ ಕತ್ತರಿಸಿಹೋದರೆ ಗುರುತಿನ ಅರ್ಧ ಹೋದಂತೆ, ಆದ್ದರಿಂದ ಅಂಥ ಪುಟಗಳು ಎರಡೇ.

ಬಣ್ಣ ಕಾಗದಕ್ಕೆ ಇಳಿದಾಗ

ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ಬಂದಾಗ ಮೂರು ಕಡೆ ಕೆಟ್ಟಿತ್ತು. ಮೈಯ ಬೂದುಬಣ್ಣವನ್ನು ಅಚ್ಚಿನ ನಾಲ್ಕು ಮಸಿಗಳಲ್ಲಿ ಕಪ್ಪು ಬಿಟ್ಟು ಸಯಾನ್ (ಹಸಿರುನೀಲಿ), ಮೆಜೆಂಟಾ (ನೇರಳೆಗೆಂಪು), ಹಳದಿ ಮೂರನ್ನೂ ಸಮಸಮ ಬೆರೆಸಿ ಮಾಡಿದ್ದರಿಂದ ಒಂದು ಪುಟದಲ್ಲಿ ಹಸಿರು ಛಾಯೆ, ಇನ್ನೊಂದರಲ್ಲಿ ಗುಲಾಬಿ. ಹಾಗೆ ಬೆರೆಸಿದ ಬೂದು ಯಂತ್ರದಲ್ಲಿ ಯಾವ ಮಸಿ ತುಸು ಹೆಚ್ಚಾದರೂ ಆ ಕಡೆಗೆ ವಾಲುತ್ತದೆ. ಬಣ್ಣವನ್ನು ಕಂದುಬೂದಿಗೆ ತಿರುಗಿಸಿ, ಗಾಢತೆಯ ಹೊಣೆಯನ್ನು ಬಹುಪಾಲು ಕಪ್ಪು ಮಸಿಗೆ ವಹಿಸಿ, ಸಯಾನ್ ತಗ್ಗಿಸಿದಾಗ ಅದು ಸ್ಥಿರವಾಯಿತು. ಮೋಟು ಗೀಟುಗಳು ಹೊಳಪಿಲ್ಲದ ಕಾಗದದಲ್ಲಿ ಹಿಗ್ಗಿ ಒಂದಕ್ಕೊಂದು ಅಂಟಿಕೊಂಡಿದ್ದವು; ಅಂಥ ಕಾಗದ ಮಸಿ ಹೀರಿಕೊಂಡು ಪ್ರತಿ ಚುಕ್ಕೆಯನ್ನೂ ಅಗಲಿಸುತ್ತದೆ. ಗೀಟಿನ ಸಂಖ್ಯೆ ಅರ್ಧಕ್ಕಿಳಿಸಿ, ದಪ್ಪ ಅರ್ಧ ಮಿಲಿಮೀಟರಿಗೇರಿಸಿ, ನಡುವಿನ ಜಾಗ ಹೆಚ್ಚಿಸಲಾಯಿತು. ಕಣ್ಣಿನ ಕಿತ್ತಳೆ ಉಂಗುರ ತೆರೆಯ ಮೇಲೆ ಹೊಳೆಯುತ್ತಿದ್ದದ್ದು ಕಾಗದದಲ್ಲಿ ಮಣ್ಣುಬಣ್ಣವಾಗಿತ್ತು. ಅದರಲ್ಲಿ ಸೇರಿಕೊಂಡಿದ್ದ ಸಯಾನ್ ಪೂರ್ತಿ ತೆಗೆದು, ಬರೀ ಹಳದಿ ಮತ್ತು ಮೆಜೆಂಟಾದಲ್ಲಿ ಮತ್ತೆ ಕಟ್ಟಿದ ಮೇಲೆ ಸಾಕಷ್ಟು ಮರಳಿ ಬಂತು. ಬೆರೆಸಿದ ಬಣ್ಣದ ಸಪೂರ ಗೆರೆಗಳಿಗೆ ಇನ್ನೊಂದು ಅಪಾಯವಿದೆ, ನಾಲ್ಕು ಮಸಿಗಳು ಕೂದಲೆಳೆ ಆಚೀಚೆಯಾದರೂ ಗೆರೆ ಮಸುಕಾಗುತ್ತದೆ. ಮೀಸೆಯ ಗೆರೆಗಳನ್ನು ಅದಕ್ಕೇ ಕಪ್ಪು ಮಸಿಯೊಂದರಲ್ಲೇ ಇಡಲಾಯಿತು.

ಮರುಪರೀಕ್ಷೆ

ಮುಗಿದ ಪುಟಗಳಿಂದ ಮರಿಯನ್ನಷ್ಟೇ ಕತ್ತರಿಸಿ, ಕಥೆ ಹೇಳದೆ, ಹಿಂದೆ ನೋಡಿರದ ಮಕ್ಕಳಿಗೆ ತೋರಿಸಿದಾಗ ಹೆಚ್ಚಿನ ಚಿತ್ರಗಳಿಗೆ ಬಂದ ಉತ್ತರ ಮುಂಗುಸಿ. ಅಳಿಲು ಎಂದವರು ಯಾರೂ ಇರಲಿಲ್ಲ. ಒಂದು ಚಿತ್ರ ಮಾತ್ರ ಕೈಕೊಟ್ಟಿತು. ಮರಿ ಹಳ್ಳ ದಾಟುವ ಪುಟವನ್ನು ಮಕ್ಕಳು ‘ನೀರುನಾಯಿ’ ಎಂದರು. ಅದು ಅವರ ತಪ್ಪಲ್ಲ. ನೀರುನಾಯಿಯ ಬಾಲವೂ ಬುಡದಲ್ಲಿ ದಪ್ಪವಾಗಿ ತುದಿಗೆ ಸಪೂರವಾಗುತ್ತದೆ, ಕಿವಿಯೂ ಸಣ್ಣದು, ಮೈಯೂ ಉದ್ದ. ನೆಲದ ಮೇಲೆ ಇವೆರಡನ್ನು ಬೇರೆ ಮಾಡುವುದು ಚೂಪು ಮೂತಿ, ಚುಕ್ಕೆಚುಕ್ಕೆ ಕೂದಲು ಮತ್ತು ಜಾಲವಿಲ್ಲದ ಪಂಜ. ಆ ಪುಟದಲ್ಲಿ ಕೂದಲು ಒದ್ದೆಯಾಗಿ ನುಣುಪು, ಪಂಜ ನೀರಿನೊಳಗೆ, ಮೂತಿ ಅಲೆಯ ಹಿಂದೆ ಅರ್ಧ ಮುಚ್ಚಿಹೋಗಿತ್ತು. ಮೂರೂ ಒಟ್ಟಿಗೆ ಮಾಯವಾಗಿದ್ದವು. ಅಲೆಯನ್ನು ತಗ್ಗಿಸಿ ಮೂತಿ ಪೂರ್ತಿ ಮೇಲೆತ್ತಲಾಯಿತು, ಈಜುವ ಮುಂಗಾಲು ಒಂದನ್ನು ಬಿಡಿಬೆರಳು ಕಾಣುವಂತೆ ನೀರಿನಿಂದ ಹೊರತೆಗೆಯಲಾಯಿತು, ಬಾಲದ ತುದಿಯ ನೆನೆಯದ ಭಾಗಕ್ಕೆ ಮೂರನೇ ಹಂತದ ಕುಚ್ಚು ಹಾಕಲಾಯಿತು. ಹಳ್ಳದ ಅಂಚಿಗೆ ಇನ್ನೂ ಒಂದು ಪ್ರೂಫ್ ತೆಗೆಸಬೇಕಾಯಿತು, ಮೈಯ ಕಂದುಬೂದು ನೀರಿನ ಹಸಿರಿನೊಳಗೆ ಕರಗುತ್ತಿತ್ತು. ಬೆನ್ನಿನ ಮೇಲ್ಗೆರೆಗೆ ಒಂದು ಮಿಲಿಮೀಟರಿನ ತಿಳಿಹಳದಿ ಅಂಚು ಕೊಟ್ಟಾಗ ಅದು ಬಿಡಿಸಿಕೊಂಡಿತು.